ಹತ್ತೊಂಬತ್ತನೇ ಕಲ್ಲಿನ ಬಿರುಗಾಳಿ

ಎಲ್ಲಕ್ಕೂ ಕಾರಣ ಒಂದೂವರೆ ಅಡಿ ಎತ್ತರದ ಪ್ಲಾಸ್ಟಿಕ್ ಹಾಳೆ. ಬೈಕಿನ ಹ್ಯಾಂಡಲ್ ಮುಂದೆ ಇಂಥದೊಂದು ವಿಂಡ್‌ಶೀಲ್ಡ್ ಹಾಕಿಸಿಕೊಂಡರೆ ಹೈವೇಯಲ್ಲಿ ಗಾಳಿ ಎದೆಗೆ ಹೊಡೆಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ತಿಂಗಳಿಂದ ಗಾಳಿ ಎದೆಗೆ ಹೊಡೆಯುತ್ತಿರಲಿಲ್ಲ. ತಲೆಗೆ ಹೊಡೆಯುತ್ತಿತ್ತು.

ಅದೂ ಒಂದೇ ಸಮನೆ ಹೊಡೆದಿದ್ದರೆ ಒಗ್ಗಿಕೊಳ್ಳಬಹುದಿತ್ತು. ಎಡಗಿವಿಗೊಂದು, ಬಲಗಿವಿಗೊಂದು, ಮರೆತ ಹೊತ್ತಿನಲ್ಲಿ ನೆತ್ತಿಗೊಂದು, ಮಗ್ಗಿ ತಪ್ಪಿದ ಹುಡುಗರ ನಡುವೆ ಓಡಾಡುವ ಮೇಷ್ಟರ ಕೈಯ ಹಾಗೆ. ಮೂವತ್ತೆರಡು ಕಿಲೋಮೀಟರ್ ಮುಗಿಸಿ ಮನೆ ಮುಂದೆ ಇಳಿದ ಮೇಲೂ ಅರ್ಧ ಗಂಟೆ ಅವಳ ತಲೆ ತನ್ನಷ್ಟಕ್ಕೆ ತಾನೇ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಬಾಗಿಲಲ್ಲೇ ಅತ್ತೆ "ಕಾಫಿ ಕುಡೀತೀಯಾ?" ಎಂದು ಕೇಳುತ್ತಿದ್ದರು. ತಲೆ ಬೇಡ ಎನ್ನುತ್ತಿತ್ತು. ಎರಡು ತಿಂಗಳಿಂದ ಅವಳಿಗೆ ಸಂಜೆಯ ಕಾಫಿ ಸಿಕ್ಕಿರಲಿಲ್ಲ.

ಇದರಲ್ಲಿ ನಾಚಿಕೆಪಡುವ ಸಂಗತಿ ಬೇರೆಯೇ ಇತ್ತು. ಅವಳು ಹವಾಮಾನ ಕೇಂದ್ರದಲ್ಲಿ ವೀಕ್ಷಕಿ. ಗಾಳಿ ಎತ್ತ ಕಡೆಯಿಂದ, ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂದು ದಿನವೂ ಗಂಟೆ ನೋಡಿಕೊಂಡು ಬರೆದಿಡುವುದೇ ಅವಳ ಕೆಲಸ. ಕಾಲೇಜಿನಲ್ಲಿ ಅನಿಲಗಳ ಚಲನೆ ಎಂಬ ವಿಷಯದಲ್ಲಿ ನೂರಕ್ಕೆ ಎಂಬತ್ತೆರಡು ತೆಗೆದಿದ್ದಳು. ಕಲಿಯದೆ ಬಿಟ್ಟ ಹದಿನೆಂಟು ಅಂಕಗಳ ಗಾಳಿಯೇ ಈಗ ಬಂದು ತಲೆಗೆ ಹೊಡೆಯುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆ ಬೆಳಿಗ್ಗೆ ಮನೆಯಲ್ಲಿ ತೀರ್ಮಾನವೊಂದು ಆಗಿಹೋಗಿತ್ತು. ಗಂಡ ಶೂ ಹಾಕಿಕೊಳ್ಳುತ್ತಾ, ಮುಖ ಎತ್ತದೆ ಹೇಳಿದ.

"ಸಂಜೆ ಆರಕ್ಕೆ ಚಿಕ್ಕಮ್ಮನ ಮಗ ಬರ್ತಾನೆ. ಬೈಕ್ ನೋಡೋಕೆ."

"ನೋಡಿ?"

"ನೋಡಿ ತಗೊಂಡು ಹೋಗ್ತಾನೆ. ಡಾಕ್ಟರ್ ಕುತ್ತಿಗೆಗೆ ಪಟ್ಟಿ ಹಾಕಿ ಅಂದಾಯ್ತು. ಇನ್ನೂ ಏನು ಕಾಯೋದು?"

"ಮತ್ತೆ ನಾನು ಕೆಲಸಕ್ಕೆ ಹೋಗೋದು?"

"ಬಸ್ಸಿದೆಯಲ್ಲ."

ಬಸ್ಸು ಇತ್ತು. ಬೆಳಗಿನ ಐದೂ ಕಾಲಿಗೆ. ಎರಡು ಕಡೆ ಬದಲಾಯಿಸಬೇಕು, ಎರಡನೆಯದು ತುಂಬುವ ತನಕ ಹೊರಡುವುದಿಲ್ಲ. ಆದರೆ ಅವಳಿಗೆ ಚಿಂತೆ ಅದಲ್ಲ. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು ನಿಮಿಷ, ಇಡೀ ದಿನದಲ್ಲಿ ಅವಳನ್ನು ಯಾರೂ ಏನೂ ಕೇಳದೆ ಇರುವುದು ಆ ಬೈಕಿನ ಮೇಲೆ ಮಾತ್ರ. ಮನೆಯಲ್ಲಿ ಅತ್ತೆ, ಆಫೀಸಿನಲ್ಲಿ ಸಾಹೇಬರು, ಬೀದಿಯಲ್ಲಿ "ಇವತ್ತು ಬಟ್ಟೆ ಒಣಗುತ್ತಾ?" ಎನ್ನುವ ಅಕ್ಕಪಕ್ಕದವರು. ಆ ಎಂಬತ್ತು ನಿಮಿಷಕ್ಕಾಗಿ ಅವಳು ತಲೆ ಅಲ್ಲಾಡಿಸಿಕೊಂಡಾದರೂ ಬದುಕಲು ಸಿದ್ಧಳಿದ್ದಳು.

"ಒಂದು ದಿನ ಕೊಡಿ," ಎಂದಳು. "ಇವತ್ತು ಸರಿಮಾಡಿಕೊಂಡು ಬರ್ತೀನಿ."

ತೀರ್ಪು ಕೊಟ್ಟವರು ಅತ್ತೆ. ಮೂವತ್ತು ವರ್ಷ ಹೊಲಿಗೆ ಮಾಡಿದ ಕೈ. ಯಾವುದನ್ನೂ ಸೂಜಿಯ ಕಣ್ಣಿನಿಂದಲೇ ನೋಡುವವರು. "ಆಗಲಿ ಕಣೇ. ಸಂಜೆ ಬಂದವಳು ನೇರ ಇಲ್ಲಿ ನಿಲ್ಲಬೇಕು. ಹತ್ತನೇ ನಂಬರ್ ಸೂಜಿ ಕೊಡ್ತೀನಿ. ಒಂದೇ ಏಟಿಗೆ ದಾರ ಪೋಣಿಸಿದರೆ ಗಾಡಿ ಇರಲಿ. ತಪ್ಪಿತೋ, ಅವನು ತಗೊಂಡು ಹೋಗಲಿ."

ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲಿಳಿದು ಹೋಗಿತ್ತು. ಅವಳು ಬೈಕಿನ ಹತ್ತಿರ ಬರುವಷ್ಟರಲ್ಲಿ ಮೇಲಿನ ಮಹಡಿಯ ಡ್ರೈವರ್ ಮಾವ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನಿವೃತ್ತಿಯಾಗಿ ಏಳು ವರ್ಷವಾಗಿದ್ದರೂ ಅವರ ಬಲಗಾಲು ಈಗಲೂ ನಿಂತಲ್ಲೇ ಬ್ರೇಕ್ ಒತ್ತುತ್ತಿತ್ತು.

"ಮಗಳೇ, ಗಾಳಿ ಅಂದರೆ ಏನಂತ ನನ್ನ ಕೇಳು. ಮೂವತ್ತು ವರ್ಷ ಬಸ್ ಓಡಿಸಿದವನು."

"ಬಸ್ಸಿಗೆ ಗಾಜಿತ್ತಲ್ಲ ಮಾವ."

"ಅದೇ ಹೇಳಿದ್ದು. ನಿನ್ನ ಗಾಜು ಸಣ್ಣದು. ಒಂದಡಿ ಏರಿಸು, ಗಾಳಿ ಅದರ ಪಾಡಿಗೆ ತಲೆ ಮೇಲೆ ಹೋಗುತ್ತೆ. ಇನ್ನೊಂದು, ಒಂದು ದೊಡ್ಡ ಲಾರಿ ನೋಡ್ಕೋ. ಅದರ ಬೆನ್ನಿಗೆ ಅಂಟಿಕೊಂಡು ಹೋಗು. ಗಾಳಿ ಎಲ್ಲ ಲಾರಿಗೆ, ನಿನಗೆ ನೆರಳು."

ಕೆಳಗಿನ ಮನೆಯ ಬೋರ್ಡಿನವನು ಕೇಳಿಸಿಕೊಂಡು ಕೂತಿದ್ದ. ಅಂಗಡಿ ಆಸ್ಪತ್ರೆಗಳಿಗೆ ನಾಮಫಲಕ ಮಾಡಿಕೊಡುವವನು. ಅವನ ವರಾಂಡದಲ್ಲಿ ಕತ್ತರಿಸಿ ಮಿಕ್ಕ ಗಾಜಿನಂಥ ಅಕ್ರಿಲಿಕ್ ತುಂಡುಗಳು ಒಲೆ ಪಕ್ಕದ ಸೌದೆಯ ಹಾಗೆ ಪೇರಿಕೊಂಡಿದ್ದವು.

"ಅಕ್ಕ, ಒಂದಡಿ ತಾನೇ? ಹತ್ತು ನಿಮಿಷ," ಎಂದವನೇ ಡ್ರಿಲ್ ತಂದ.

ವೀಕ್ಷಕಿಗೆ ಯಾರಿಗೂ ಬೇಡ ಎನ್ನಲು ಬರುತ್ತಿರಲಿಲ್ಲ. ತಲೆ ಅಲ್ಲಾಡುವ ಹೊತ್ತಿನಲ್ಲಾದರೂ ಇವರು ಕೇಳಿದ್ದರೆ ಚೆನ್ನಾಗಿತ್ತು ಎಂದುಕೊಂಡು ಸುಮ್ಮನೆ ನಿಂತಳು. ಹತ್ತು ನಿಮಿಷವಾದ ಮೇಲೆ ವಿಂಡ್‌ಶೀಲ್ಡ್ ಅವಳ ಹುಬ್ಬಿನ ಮಟ್ಟಕ್ಕೆ ಬಂದಿತ್ತು. ತುಂಡು ಯಾವುದೋ ಆಸ್ಪತ್ರೆಯ ಬೋರ್ಡಿನದು. ಅಕ್ಷರ ಕೆರೆದಿದ್ದರೂ ಅಂಟಿನ ಗುರುತು ಬಿಳಿಯಾಗಿ ಉಳಿದಿತ್ತು. ಎದುರಿನಿಂದ ಬರುವವರಿಗೆ ದೊಡ್ಡದಾಗಿ, ಸ್ಪಷ್ಟವಾಗಿ ಓದಲು ಬರುತ್ತಿತ್ತು: ಇಲ್ಲಿ ವಿಚಾರಿಸಿ.

"ಇದನ್ನ ಅಳಿಸೋಕಾಗಲ್ವಾ?"

"ಬಿಸಿಲಿಗೆ ತಾನಾಗೇ ಹೋಗುತ್ತೆ ಅಕ್ಕ. ಒಂದು ಆರು ತಿಂಗಳು."

ಮೊದಲನೆಯವನು ಟೋಲ್ ಗೇಟಿನಲ್ಲಿ ವಿಚಾರಿಸಿದ. "ಮೇಡಂ, ಮರದ ಡಿಪೋ ಎಲ್ಲಿ ಬರುತ್ತೆ?" ಆಮೇಲೆ ಪೆಟ್ರೋಲ್ ಬಂಕಿನ ಹತ್ತಿರ ಒಬ್ಬ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ತನ್ನ ಹೆಂಡತಿಯ ಎದುರಿಗೇ ದಾರಿ ಕೇಳಿದ, ಬೋರ್ಡಿದ್ದ ಮೇಲೆ ಕೇಳಲು ನಾಚಿಕೆ ಯಾಕೆ ಎನ್ನುವ ಧೈರ್ಯ ಅವನ ಮುಖದಲ್ಲಿತ್ತು. ಅವಳು ಇಬ್ಬರಿಗೂ ಹೇಳಿದಳು. ಎರಡನೆಯವನಿಗೆ ಹೇಳಿದ್ದು ತಪ್ಪು ದಾರಿ ಎಂದು ನೆನಪಾದಾಗ ಅವನು ಕಣ್ಮರೆಯಾಗಿದ್ದ.

ಗಾಳಿ ಮಾತ್ರ ಡ್ರೈವರ್ ಮಾವ ಹೇಳಿದ ಹಾಗೆ ತಲೆಯ ಮೇಲೆ ಹೋಗಲಿಲ್ಲ. ಹೊಸ ಹಾಳೆಯ ಅಂಚನ್ನು ಹತ್ತಿ, ಅಲ್ಲಿಂದ ಧುಮುಕಿ, ಸರಿಯಾಗಿ ನೆತ್ತಿಯ ಮೇಲೆ ಬಿತ್ತು. ಮೊದಲು ಗುದ್ದು ಎಡಬಲಕ್ಕಿದ್ದರೆ ಈಗ ಮೇಲೆ ಕೆಳಗೂ ಸೇರಿತು. ಎರಡನೇ ಸಲಹೆಯಾದರೂ ನೋಡೋಣ ಎಂದು ಒಂದು ಲಾರಿಯ ಹಿಂದೆ ಸೇರಿಕೊಂಡಳು. ಲಾರಿ ಸೀಳಿಬಂದ ಗಾಳಿಯೆಲ್ಲ ಅದರ ಬೆನ್ನ ಹಿಂದೆ ಜಗಳವಾಡುತ್ತಿತ್ತು. ಇವಳು ಹೋಗಿ ಜಗಳದ ನಡುವೆ ನಿಂತ ಮಧ್ಯಸ್ಥಗಾರ್ತಿಯ ಹಾಗಾದಳು. ಎರಡೂ ಕಡೆಯವರು ಹೊಡೆದರು.

ಕೇಂದ್ರಕ್ಕೆ ಬಂದು ಇಳಿದಾಗ ಕಾವಲುಗಾರ ನಮಸ್ಕಾರ ಹೇಳಿದ. ಅವಳ ತಲೆ ಹೌದು, ಅಲ್ಲ, ಹೌದು, ಅಲ್ಲ ಎಂದಿತು.

ಹವಾಮಾನ ಕೇಂದ್ರವೆಂದರೆ ಊರಾಚೆಯ ಬಯಲಿನಲ್ಲಿ ನಾಲ್ಕು ಕೋಣೆ, ಬೇಲಿಯೊಳಗೆ ಮಳೆ ಅಳೆಯುವ ಡಬ್ಬಿ, ಒಂದು ಎತ್ತರದ ಕಂಬ. ಕಂಬದ ತುದಿಯಲ್ಲಿ ಮೂರು ಬಟ್ಟಲುಗಳು ಗಾಳಿಗೆ ತಿರುಗುವ ಗಾಳಿಮಾಪಕ. ಬಟ್ಟಲು ಎಷ್ಟು ಬೇಗ ತಿರುಗಿತೋ ಗಾಳಿಯ ವೇಗ ಅಷ್ಟು. ಕೆಳಗೆ ಕಟ್ಟಿದ ಬಿಳಿ ಪೆಟ್ಟಿಗೆ ಆ ಲೆಕ್ಕವನ್ನು ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಹೆಡ್ಡಾಫೀಸಿಗೆ ಕಳಿಸುತ್ತದೆ.

ಆ ದಿನ ಕಂಬದ ತುದಿ ಖಾಲಿಯಿತ್ತು. ಗಾಳಿಮಾಪಕ ಮೆಕ್ಯಾನಿಕ್‌ನ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿತ್ತು. ಆರು ತಿಂಗಳಿಗೊಮ್ಮೆ ಇಳಿಸಿ ಎಣ್ಣೆ ಹಾಕುವ ದಿನ. ಮೆಕ್ಯಾನಿಕ್ ಒಳ್ಳೆಯವನು, ಆದರೆ ಅಳೆಯದೆ ಯಾವುದನ್ನೂ ನಂಬದವನು. ಕ್ಯಾಂಟೀನಿನ ಕಾಫಿ ಬಿಸಿಯಿದೆಯೇ ಎಂದು ನೋಡಲು ಥರ್ಮಾಮೀಟರ್ ತರುತ್ತಿದ್ದ.

ಅವಳ ಕತೆ ಕೇಳಿ ಅವನು ಕೈ ಒರೆಸಿಕೊಂಡ. "ಮೇಡಂ, ನೀವು ಎರಡು ತಿಂಗಳಿಂದ ಹೊಡೆಸಿಕೊಂಡಿದ್ದೀರಿ. ಎಷ್ಟು ಹೊಡೆಸಿಕೊಂಡಿರಿ ಅಂತ ಬರೆದಿಟ್ಟಿದ್ದೀರಾ?"

"ಇಲ್ಲ."

"ನೀವು ವೀಕ್ಷಕಿ," ಎಂದ, ಬೇಸರದಿಂದ.

ಲೋಕದ ಗಾಳಿಯನ್ನೆಲ್ಲ ಬರೆದಿಟ್ಟವಳು ತನ್ನ ತಲೆಯ ಗಾಳಿಯನ್ನು ಬರೆದಿಟ್ಟಿರಲಿಲ್ಲ.

"ಎಣ್ಣೆ ಹಾಕಿದ ಮೇಲೆ ಇದನ್ನ ಹೇಗೂ ಓಡಿಸಿ ನೋಡಬೇಕು. ಬೆಳಿಗ್ಗೆಯಿಂದ ಇಲ್ಲಿ ಎಲೆ ಅಲ್ಲಾಡಿಲ್ಲ. ನಿಮ್ಮ ಬೈಕಿಗೇ ಕಟ್ಟೋಣ. ನನ್ನ ಟೆಸ್ಟೂ ಆಯ್ತು, ನಿಮ್ಮ ತಲೆಯ ಲೆಕ್ಕವೂ ಸಿಕ್ಕಿತು."

"ಸಾಹೇಬರಿಗೆ ಒಂದು ಮಾತು ಹೇಳೋದು ಬೇಡವಾ?"

"ಹೇಳಿದರೆ ಬರೆದು ಕೊಡಿ ಅಂತಾರೆ. ಬರೆದು ಕೊಟ್ಟರೆ ಬೇಡ ಅಂತಾರೆ. ಅವರು ರಿಟೈರ್ ಆಗೋಕೆ ಮೂರು ತಿಂಗಳಿದೆ, ಪಾಪ, ಯಾಕೆ ತೊಂದರೆ ಕೊಡೋದು?"

"ಆ ಪೆಟ್ಟಿಗೆ? ಅದು ಹೆಡ್ಡಾಫೀಸಿಗೆ ಕಳಿಸ್ತಾ ಇರುತ್ತಲ್ಲ?"

"ಅಳೆಯೋಕೆ ಸಣ್ಣ ಸೆಲ್ ಸಾಕು, ಕಳಿಸೋಕೆ ಕರೆಂಟ್ ಬೇಕು. ಅದನ್ನ ತೆಗೆದಿದ್ದೀನಿ ಮೇಡಂ. ಇಷ್ಟೂ ಗೊತ್ತಾಗಲ್ವಾ ನನಗೆ?"

ಅವಳು ಎರಡು ಸಲ ಕೇಳಿದಳು. ಮೂರನೇ ಸಲ ಕೇಳಿದರೆ ಅವಮಾನವಾಗುತ್ತದೆಂದು ಸುಮ್ಮನಾದಳು. ಅವಳ ಜೀವನದ ಎಲ್ಲ ಅನಾಹುತಗಳೂ ಮೂರನೇ ಸಲ ಕೇಳದೆ ಬಿಟ್ಟ ಪ್ರಶ್ನೆಗಳಿಂದಲೇ ಆಗಿದ್ದವು.

ಹನ್ನೊಂದು ಗಂಟೆಗೆ ಇಬ್ಬರೂ ಹೈವೇಯ ಹತ್ತೊಂಬತ್ತನೇ ಕಿಲೋಮೀಟರ್ ಕಲ್ಲಿನ ಹತ್ತಿರ ಇದ್ದರು. ಬೈಕಿನ ಹಿಂದಿನ ಸೀಟಿಗೆ ಪೈಪ್ ಕಟ್ಟಿ, ಬಟ್ಟಲುಗಳು ಸರಿಯಾಗಿ ಅವಳ ಕಿವಿಯ ಪಕ್ಕದಲ್ಲಿ ತಿರುಗುವಂತೆ ಮಾಡಿದ್ದ. ಪೆಟ್ಟಿಗೆ ಕ್ಯಾರಿಯರ್ ಮೇಲೆ. ಇಷ್ಟು ಸಾಲದೆಂದು ಹಳೆ ಸ್ವೆಟರ್ ಬಿಚ್ಚಿದ ಕೆಂಪು ಉಣ್ಣೆಯ ಗೇಣುದ್ದದ ದಾರಗಳನ್ನು ಹೆಲ್ಮೆಟ್ಟಿನ ತುಂಬ ಅಂಟಿಸಿದ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ದಾರ ಕಾಣುತ್ತದೆ ಎನ್ನುವುದು ಅವನ ಲೆಕ್ಕ. ಕನ್ನಡಿಯಲ್ಲಿ ನೋಡಿಕೊಂಡ ವೀಕ್ಷಕಿಗೆ, ಬೈಕ್ ಉಳಿಸಿಕೊಳ್ಳಲು ಹೆಂಗಸೊಬ್ಬಳು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇನ್ನು ಬೇರೆ ಉದಾಹರಣೆ ಬೇಡ ಎನ್ನಿಸಿತು.

ಮೊದಲ ಸುತ್ತು ವಿಂಡ್‌ಶೀಲ್ಡ್ ಇಟ್ಟುಕೊಂಡೇ. ಅವಳು ಎಪ್ಪತ್ತೈದರ ವೇಗದಲ್ಲಿ ಹೋದಳು, ಮೆಕ್ಯಾನಿಕ್ ತನ್ನ ಬೈಕಿನಲ್ಲಿ ಸಮನಾಗಿ ಬಂದು ದಾರ ನೋಡಿದ. ದಾರಗಳು ಮೇಲೆ, ಕೆಳಗೆ, ಮುಂದಕ್ಕೆ, ಒಂದನ್ನೊಂದು ಹಿಡಿದೆಳೆಯುತ್ತ, ಮೇಷ್ಟ್ರಿಲ್ಲದ ತರಗತಿಯ ಹಾಗೆ ಕುಣಿದವು. ಪೆಟ್ಟಿಗೆಯ ಲೆಕ್ಕದಲ್ಲಿ ಗಾಳಿ ಇಪ್ಪತ್ತಕ್ಕೆ ಇಳಿದು ಅರವತ್ತಕ್ಕೆ ಹಾರಿ ಮತ್ತೆ ಇಪ್ಪತ್ತೈದಕ್ಕೆ ಬಿದ್ದಿತ್ತು.

"ನೋಡಿ ಮೇಡಂ. ಗಾಳಿ ಜಾಸ್ತಿ ಅಂತಲ್ಲ. ಕೆಟ್ಟ ಗಾಳಿ. ಹಾಳೆಯ ಅಂಚಿಗೆ ಬಡಿದು ಸುಳಿ ಆಗ್ತಿದೆ. ಸುಳಿಯೊಳಗೆ ನಿಮ್ಮ ತಲೆ ಇದೆ."

"ಹಾಗಾದರೆ ಇನ್ನೂ ಎತ್ತರದ ಹಾಳೆ ಬೇಕಾ?"

"ಹಾಳೆಯೇ ಬೇಡ."

ನಾಲ್ಕು ಸ್ಕ್ರೂ ಬಿಚ್ಚಿ, ವಿಂಡ್‌ಶೀಲ್ಡನ್ನು ಕಲ್ಲಿಗೆ ಒರಗಿಸಿಟ್ಟು, ಅವಳು ಎರಡನೇ ಸುತ್ತು ಹೊರಟಳು. ಐವತ್ತು. ಅರವತ್ತು. ಎಪ್ಪತ್ತೈದು. ಗಾಳಿ ಎದೆಗೆ ಬಂದು ಒರಗಿತು. ಹೊಡೆಯಲಿಲ್ಲ, ಒರಗಿತು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹಳೆಯ ಪರಿಚಯದವರ ಹಾಗೆ. ತಲೆ ಇದ್ದಲ್ಲಿಯೇ ಇತ್ತು. ರಸ್ತೆಯ ಬಿಳಿ ಗೆರೆ ಒಂದೇ ಗೆರೆಯಾಗಿ ಕಂಡಿತು. ಎರಡು ತಿಂಗಳಿಂದ ಅವಳು ಅದನ್ನು ಎರಡು ಗೆರೆ ಎಂದುಕೊಂಡಿದ್ದಳು. ಪಕ್ಕದಿಂದ ಮೆಕ್ಯಾನಿಕ್ ಕೈಯೆತ್ತಿ ತೋರಿಸಿದ: ದಾರಗಳೆಲ್ಲ ಹಿಂದಕ್ಕೆ, ನೇರವಾಗಿ, ಪ್ರಾರ್ಥನೆಗೆ ನಿಂತ ಸಾಲಿನ ಹಾಗೆ.

ಸಾಕಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎರಡು ತಿಂಗಳ ಕಾಫಿ, ಕುತ್ತಿಗೆ, ಮಾನ ಎಲ್ಲ ಒಟ್ಟಿಗೆ ವಾಪಸ್ಸು ಬಂದ ಖುಷಿಗೆ ವೀಕ್ಷಕಿ ಆ ಕಲ್ಲಿನಿಂದಾಚೆಗೂ ಈಚೆಗೂ ನಲವತ್ತು ನಿಮಿಷ ಓಡಾಡಿದಳು. ಮೆಕ್ಯಾನಿಕ್ ಬೇಸತ್ತು ಕಲ್ಲಿನ ಮೇಲೆ ಕೂತ.

ಮಧ್ಯಾಹ್ನ ಗಾಳಿಮಾಪಕ ಮತ್ತೆ ಕಂಬ ಹತ್ತಿತು. ಅವಳು ಮೂಲೆಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು.

"ಸರಿಹೋಯ್ತು ಕಣ್ರೀ. ನಿಮ್ಮ ತಮ್ಮನಿಗೆ ಬರೋದು ಬೇಡ ಅಂತ ಹೇಳಿ."

"ಅಮ್ಮನ ಸೂಜಿ ಆಗಲಿ. ಆಮೇಲೆ ಹೇಳ್ತೀನಿ."

"ಹತ್ತನೇ ನಂಬರ್ ಯಾಕೆ, ಇನ್ನೂ ಸಣ್ಣ ಕಣ್ಣಿನ ಹನ್ನೆರಡು ಕೊಡೋಕೆ ಹೇಳಿ," ಎಂದಳು ವೀಕ್ಷಕಿ. ಇಷ್ಟು ಧೈರ್ಯದ ಮಾತು ಅವಳು ಮದುವೆಯಾದ ಮೇಲೆ ಆಡಿರಲಿಲ್ಲ.

ಎರಡೂವರೆಗೆ ಕೇಂದ್ರದ ಎಲ್ಲರ ಫೋನುಗಳೂ ಒಂದೇ ಸಲ ಬಡಿದುಕೊಂಡವು. ಕಾವಲುಗಾರನದ್ದು, ಕ್ಯಾಂಟೀನಿನವನದ್ದು, ಒಳಗೆ ಸಾಹೇಬರದ್ದು. ಎಲ್ಲದರಲ್ಲೂ ಒಂದೇ ಸಂದೇಶ. *ಬಿರುಗಾಳಿ ಎಚ್ಚರಿಕೆ. ಮೊದಲು ಬಿಟ್ಟುಬಿಟ್ಟು, ನಂತರ ಗಂಟೆಗೆ ಎಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಗಾಳಿ ದಾಖಲಾಗಿದೆ. ಮರಗಳ ಕೆಳಗೆ ನಿಲ್ಲಬೇಡಿ. ಹೈವೇಯಲ್ಲಿ ದ್ವಿಚಕ್ರ ವಾಹನ ಸಂಚಾರ ನಾಳೆ ಬೆಳಗಿನವರೆಗೆ ನಿಷೇಧ.*

ಸಾಹೇಬರು ಕನ್ನಡಕ ಹಣೆಗೇರಿಸಿಕೊಂಡು ಹೊರಗೆ ಬಂದರು. ಎಲ್ಲರೂ ಅವರ ಹಿಂದೆ ಬಂದು ಆಕಾಶ ನೋಡಿದರು. ಬೇಲಿಯ ಮೇಲೆ ಕಾವಲುಗಾರ ಹರವಿದ್ದ ಟವೆಲ್ ಇಟ್ಟಲ್ಲೇ ಇತ್ತು. ಒಂದು ಚಿಟ್ಟೆ ನಿಧಾನವಾಗಿ ಹಾರಿಹೋಯಿತು.

"ಹೆಡ್ಡಾಫೀಸಿನವರು ನಮ್ಮ ಕೇಂದ್ರದಿಂದಲೇ ಬಂದ ಲೆಕ್ಕ ಅಂತಿದ್ದಾರೆ," ಎಂದರು ಸಾಹೇಬರು. "ಎಲ್ಲಿದೆ ಗಾಳಿ?"

ವೀಕ್ಷಕಿ ಮೆಕ್ಯಾನಿಕ್‌ನನ್ನು ನೋಡಿದಳು. ಮೆಕ್ಯಾನಿಕ್ ಪೆಟ್ಟಿಗೆಯನ್ನು ನೋಡಿದ. ಅವನ ಮುಖದ ಬಣ್ಣ ಪೆಟ್ಟಿಗೆಯ ಬಣ್ಣಕ್ಕೆ ಬಂತು.

"ಬ್ಯಾಟರಿ," ಎಂದ ಮೆಲ್ಲಗೆ. "ಕರೆಂಟ್ ಹೋದರೂ ಕಳಿಸೋದು ನಿಲ್ಲಬಾರದು ಅಂತ ಹೋದ ವರ್ಷ ನಾನೇ ಒಳಗೆ ಒಂದು ಬ್ಯಾಟರಿ ಹಾಕಿದ್ದೆ. ಮರೆತೇಹೋಗಿತ್ತು."

ಆ ಬ್ಯಾಟರಿಗೆ ಅವನಿಗೆ ಮೆಚ್ಚುಗೆ ಪತ್ರವೂ ಬಂದಿತ್ತು.

ಸಾಹೇಬರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವೀಕ್ಷಕಿ ಎಲ್ಲ ಹೇಳಿದಳು: ವಿಂಡ್‌ಶೀಲ್ಡ್, ಅತ್ತೆ, ಸೂಜಿ, ಉಣ್ಣೆಯ ದಾರ. ಸಾಹೇಬರು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡರು.

"ಇದನ್ನ ಬರೆದು ಕಳಿಸಿದರೆ ನನ್ನ ಪೆನ್ಶನ್ ಹೋಗುತ್ತೆ. ನಿಮ್ಮಿಬ್ಬರ ಕೆಲಸ ಹೋಗುತ್ತೆ."

"ಹೌದು ಸರ್."

"ಒಂದು ಕೇಳ್ತೀನಿ. ಆ ಕಲ್ಲಿನ ಹತ್ತಿರ ನಿಮಗೆ ಎಪ್ಪತ್ತೈದರ ಗಾಳಿ ಬಡಿಯಿತು ಅನ್ನೋದು ಸುಳ್ಳಾ?"

"ಸುಳ್ಳಲ್ಲ ಸರ್. ಆದರೆ ಬಡಿದಿದ್ದು ನಾನು ಎಪ್ಪತ್ತೈದರಲ್ಲಿ ಹೋಗಿದ್ದಕ್ಕೆ."

"ಯಾಕೆ ಬಡಿಯಿತು ಅಂತ ಕೇಳಲಿಲ್ಲ ನಾನು. ಬಡಿಯಿತಾ?"

"ಬಡಿಯಿತು."

"ಸಾಕು. ನೀವು ಮನೆಗೆ ಹೊರಡಿ."

ಅವಳು ಹೊರಟಾಗ ಸಾಹೇಬರು ಹೆಡ್ಡಾಫೀಸಿಗೆ ಫೋನ್ ತಿರುಗಿಸುತ್ತಿದ್ದರು. ಅವರ ದನಿಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಕೇಳದ ಒಂದು ಹುರುಪಿತ್ತು. ಅವಳಿಗೆ ಭಯವಾಯಿತು.

ಅದೇ ಹತ್ತೊಂಬತ್ತನೇ ಕಲ್ಲಿನ ಹತ್ತಿರ ಪೊಲೀಸರು ಅಡ್ಡಗಟ್ಟೆ ಇಟ್ಟಿದ್ದರು. ಅದರ ಹಿಂದೆ ಮೂವತ್ತು ನಲವತ್ತು ಬೈಕು ಸ್ಕೂಟರುಗಳು. ಒಬ್ಬ ಪೇದೆ ಕೈ ಅಡ್ಡ ಹಿಡಿದ.

"ಇಳೀರಿ ಮೇಡಂ. ಬಿರುಗಾಳಿ ಇದೆ."

"ಎಲ್ಲಿದೆ?"

ಪೇದೆ ಸುತ್ತ ನೋಡಿದ. ಅವನ ಬೀಡಿಯ ಹೊಗೆ ಕಡ್ಡಿ ನೆಟ್ಟ ಹಾಗೆ ನೇರವಾಗಿ ಮೇಲೆ ಹೋಗುತ್ತಿತ್ತು. "ಹವಾಮಾನದವರು ಹೇಳಿದ್ದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

"ನಾನೇ ಹವಾಮಾನದವಳು."

"ಹಾಗಾದರೆ ನೀವೇ ಹೇಳಿದ್ದಲ್ವಾ? ಹೇಳಿ ನೀವೇ ಗಾಡಿ ಓಡಿಸಿದರೆ ಹೇಗೆ?"

ಬೈಕನ್ನು ಬದಿಗೆ ನಿಲ್ಲಿಸಿ, ಬಿಚ್ಚಿದ ವಿಂಡ್‌ಶೀಲ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ರಸ್ತೆಯಂಚಿಗೆ ನಿಂತಳು. ಹಾಳೆಯ ಬಿಳಿ ಅಕ್ಷರ ಹೊರಮುಖವಾಗಿತ್ತು. ನಿಂತ ಬೈಕಿನವರು ಒಬ್ಬೊಬ್ಬರಾಗಿ ಬಂದರು.

"ಮೇಡಂ, ಗಾಳಿ ಯಾವಾಗ ಬರುತ್ತೆ?"

"ಬಂದುಹೋಗಿದೆಯೋ, ಇನ್ನು ಬರುತ್ತೋ?"

"ಮೇಡಂ, ಈ ಎಚ್ಚರಿಕೆ ಕೊಟ್ಟೋರು ಯಾರು? ಅವರ ಮನೆ ಎಲ್ಲಿ?"

ಕೊನೆಯ ಪ್ರಶ್ನೆಗೆ ಅವಳು ಹಾಳೆಯನ್ನು ತಿರುಗಿಸಿ ಹಿಡಿದುಕೊಂಡಳು.

ಲಾರಿಗಳಿಗೆ ನಿಷೇಧವಿರಲಿಲ್ಲ. ಅವು ಒಂದರ ಹಿಂದೊಂದು ಬಿರುಸಾಗಿ ಹೋಗುತ್ತಿದ್ದವು. ಪ್ರತಿಯೊಂದರ ಬೆನ್ನ ಹಿಂದಿನ ಗಾಳಿ ರಸ್ತೆಯಂಚಿನಲ್ಲಿ ನಿಂತವಳ ಎಡಗಿವಿಗೊಂದು, ಬಲಗಿವಿಗೊಂದು ಕೊಟ್ಟು ಮುಂದೆ ಹೋಯಿತು. ಬೈಕ್ ಹತ್ತದೆ, ನಿಂತಲ್ಲೇ ಅವಳ ತಲೆ ಅಲ್ಲಾಡತೊಡಗಿತು.

"ನೋಡಿದ್ರಾ," ಎಂದ ಪೇದೆ. "ಗಾಳಿ ಇಲ್ಲ ಅಂದ್ರಿ."

ಐದೂವರೆಗೆ ಒಂದು ಸಣ್ಣ ಸಾಮಾನು ಟೆಂಪೋ ಬಂದು ಪಕ್ಕದಲ್ಲಿ ನಿಂತಿತು. ಕಿಟಕಿಯಿಂದ ಗಂಡನ ಚಿಕ್ಕಮ್ಮನ ಮಗ ತಲೆ ಹಾಕಿದ. ಬೈಕ್ ಕೊಳ್ಳಲು ಹೊರಟ ಮೈದುನ ಇವನೇ.

"ಏನತ್ತಿಗೆ, ಇಲ್ಲಿ ನಿಂತಿದ್ದೀರಾ? ನಿಮ್ಮನೆಗೇ ಹೊರಟಿದ್ದೆ."

"ಬೈಕಿಗೆ ಬಿಡ್ತಿಲ್ಲ ಕಣೋ."

"ಅದಕ್ಕೇನು, ಟೆಂಪೋಗೆ ಹಾಕೋಣ. ಹೇಗೂ ಈ ಗಾಡಿಲೇ ಹೋಗಬೇಕಾದ್ದು ತಾನೇ ಅದು?" ಎಂದು ನಕ್ಕ. ಪೇದೆಯೂ ಒಂದು ಕೈ ಹಾಕಿದ. ಹಗ್ಗ ಬಿಗಿದು ಮಲಗಿಸಿದ ಬೈಕನ್ನು ಅವಳು ಹಿಂದಿನ ಕಿಂಡಿಯಿಂದ ಎರಡು ಸಲ ತಿರುಗಿ ನೋಡಿದಳು. ಪರವಾಗಿಲ್ಲ, ಇನ್ನೂ ಸೂಜಿ ಇದೆ, ಎಂದುಕೊಂಡು ಟೆಂಪೋದ ಮೆತ್ತನೆಯ ಸೀಟಿಗೆ ತಲೆ ಆನಿಸಿ ಅಲುಗಾಡದೆ ಕೂತಳು.

ಮನೆಯಲ್ಲಿ ದೀಪ ಹಾಕಿ, ಎಲ್ಲರೂ ಸುತ್ತ ನಿಂತಿದ್ದರು. ಡ್ರೈವರ್ ಮಾವ ಕುರ್ಚಿ ಹಾಕಿಕೊಂಡಿದ್ದರು. ಬೋರ್ಡಿನವನು ತನ್ನ ಹಾಳೆಯ ಯಶಸ್ಸು ನೋಡಲು ಬಂದಿದ್ದ. ಅತ್ತೆ ಸೂಜಿಯನ್ನು ಬೆಳಕಿಗೆ ಹಿಡಿದು ಕೊಟ್ಟರು, ಹನ್ನೆರಡನೇ ನಂಬರ್. ವೀಕ್ಷಕಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಉಸಿರು ಹಿಡಿದಳು. ತಲೆ ಅಲ್ಲಾಡಲಿಲ್ಲ. ಕೈ ನಡುಗಲಿಲ್ಲ. ದಾರ ಒಂದೇ ಏಟಿಗೆ, ತನ್ನ ಮನೆಯ ಬಾಗಿಲೇನೋ ಎಂಬಂತೆ ಒಳಗೆ ಹೋಯಿತು.

ಬೋರ್ಡಿನವನು ಚಪ್ಪಾಳೆ ತಟ್ಟಿದ.

"ಪೋಣಿಸಿದೆ ಅತ್ತೆ," ಎಂದಳು.

ಅತ್ತೆ ಸೂಜಿಯನ್ನು ತೆಗೆದುಕೊಂಡು ಎರಡೂ ಕಡೆ ಎಳೆದು ನೋಡಿದರು. "ಪೋಣಿಸಿದೆ. ಹೇಗೆ ಬಂದೆ?"

"ಟೆಂಪೋದಲ್ಲಿ. ಆದರೆ..."

"ಬೈಕ್ ಹತ್ತಲಿಲ್ಲ. ತಲೆ ಅಲ್ಲಾಡಲಿಲ್ಲ. ಎಲ್ಲರೂ ಕೇಳಿಸ್ಕೊಂಡ್ರಾ? ಎರಡು ತಿಂಗಳಿಂದ ನಾನು ಹೇಳ್ತಿರೋದೂ ಇದೇ ಅಲ್ವಾ?"

"ಅಲ್ಲ ಅತ್ತೆ, ಕಾರಣ ಸಿಕ್ಕಿದೆ. ವಿಂಡ್‌ಶೀಲ್ಡ್ ತೆಗೆದರೆ ಸಾಕು. ಮಧ್ಯಾಹ್ನ ನಲವತ್ತು ನಿಮಿಷ ಓಡಿಸಿದ್ದೀನಿ, ಲೆಕ್ಕ ಇದೆ..."

"ಎಲ್ಲಿದೆ ಲೆಕ್ಕ? ತೋರಿಸು," ಎಂದ ಗಂಡ.

ಲೆಕ್ಕ ಇಡೀ ಜಿಲ್ಲೆಯ ಫೋನುಗಳಲ್ಲಿತ್ತು. ಆದರೆ ಅದು ತನ್ನದೆಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಅಷ್ಟರಲ್ಲಿ ಅವಳ ಫೋನ್ ಬಡಿಯಿತು. ಸಾಹೇಬರು. ಅವರು ಫೋನಿನಲ್ಲಿ ಮಾತಾಡುವುದು ಯಾವಾಗಲೂ ಫೋನಿನ ಅಗತ್ಯವಿಲ್ಲದಷ್ಟು ಜೋರಾಗಿ. ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

"ಮೇಡಂ, ಎಲ್ಲ ಸರಿಹೋಯ್ತು. ಎಲ್ಲರ ಕೆಲಸವೂ ಉಳೀತು. ಹತ್ತೊಂಬತ್ತನೇ ಕಲ್ಲಿನ ಹತ್ತಿರ ಆಗಾಗ ಸ್ಥಳೀಯವಾಗಿ ಬಿರುಗಾಳಿ ಏಳುತ್ತೆ, ನಮ್ಮ ವೀಕ್ಷಕಿ ಸೂಕ್ಷ್ಮವಾಗಿ ಗಮನಿಸಿ, ಖುದ್ದಾಗಿ ಗಾಳಿಮಾಪಕ ತಗೊಂಡು ಹೋಗಿ ಹಿಡಿದರು ಅಂತ ಹೇಳಿದೆ. ಹೆಡ್ಡಾಫೀಸಿನವರಿಗೆ ಬಹಳ ಖುಷಿಯಾಗಿದೆ."

"ಖುಷಿ ಯಾಕೆ ಸರ್?" ಎಂದಳು. ಅವಳಿಗೆ ಹೆಡ್ಡಾಫೀಸಿನ ಸಿಟ್ಟಿಗಿಂತ ಖುಷಿಗೇ ಹೆಚ್ಚು ಹೆದರಿಕೆ.

"ಅಲ್ಲೊಂದು ವಿಶೇಷ ಕಂಬ ಹಾಕ್ತಾರಂತೆ. ಕಲ್ಲಿನ ಪಕ್ಕದಲ್ಲೇ. ಕಂಬ ಬರೋ ತನಕ ಮನುಷ್ಯರೇ ಕೂತು ಗಾಳಿ ನೋಡಬೇಕು, ಬೆಳಿಗ್ಗೆ ಒಂಬತ್ತರಿಂದ ಐದು. ಆ ಗಾಳಿನ ಕಣ್ಣಾರೆ ಕಂಡವರು ನೀವೊಬ್ಬರೇ ಅಲ್ವಾ? ನಿಮ್ಮ ಹೆಸರ ಮೇಲೇ ಆರ್ಡರ್ ಬಂದಿದೆ. ಆರು ತಿಂಗಳಿಗೆ."

"ಅಲ್ಲಿ ಗಾಳಿ ಇಲ್ವಲ್ಲ ಸರ್."

"ಇರಬೇಕು ಮೇಡಂ," ಎಂದರು ಸಾಹೇಬರು, ದನಿ ತಗ್ಗಿಸಿ. ತಗ್ಗಿಸಿದ್ದೂ ಹಾಲಿಗೆಲ್ಲ ಕೇಳಿಸಿತು. "ರಸ್ತೆಯಂಚಿಗೇ ಒಂದು ಸ್ಟೂಲ್ ಹಾಕಿಸ್ತೀವಿ, ಲಾರಿಗಳ ಗಾಳಿಯಾದರೂ ಸಿಗುತ್ತೆ. ಓಡಾಟದ ಚಿಂತೆ ಬೇಡ. ದಿನಾ ಮನೆ ಬಾಗಿಲಿಗೆ ಜೀಪ್ ಬರುತ್ತೆ, ಕರ್ಕೊಂಡು ಹೋಗಿ ಬಿಡುತ್ತೆ. ರಿಟೈರ್ ಆಗೋವರೆಗೆ ಅದರಲ್ಲಿ ನಾನೂ ಇರ್ತೀನಿ, ದಾರೀಲಿ ಮಾತಾಡೋಣ. ಡ್ರೈವರ್ ಕೂಡ ಒಳ್ಳೇ ಮಾತುಗಾರ."

ಫೋನ್ ನಿಂತಿತು.

"ಜೀಪು," ಎಂದರು ಡ್ರೈವರ್ ಮಾವ, ಗೌರವದಿಂದ.

"ಮನೆ ಬಾಗಿಲಿಗೆ," ಎಂದರು ಅತ್ತೆ.

ಗಂಡ ಮೇಜಿನ ಡ್ರಾಯರ್ ಎಳೆದು ಬೈಕಿನ ಕಾಗದಪತ್ರ ತೆಗೆದ. ಇಳಿಸುವ ಗೋಜೂ ಇರಲಿಲ್ಲ. ಬೈಕ್ ಟೆಂಪೋದಲ್ಲೇ, ಹಗ್ಗ ಬಿಗಿದ ಹಾಗೆಯೇ ಹೊರಡಲು ತಯಾರಾಗಿ ಮಲಗಿತ್ತು. ಮೈದುನ ಕೀಲಿ ಜೇಬಿಗೆ ಹಾಕಿಕೊಂಡ. ಹಾಳೆಯೂ ಬೇಕೆಂದ, ಟೆಂಪೋ ಮುಂದೆ ಕಟ್ಟಿದರೆ ಬಾಡಿಗೆ ಕೇಳುವವರಿಗೆ ಅನುಕೂಲ ಎಂದ. ಕೊನೆಗೆ ಕುರ್ಚಿಯ ಮೇಲಿದ್ದ ಹೆಲ್ಮೆಟ್ಟಿಗೆ ಕೈ ಹಾಕಿದ. ಕೆಂಪು ಉಣ್ಣೆಯ ದಾರಗಳು ಇನ್ನೂ ಅದರ ಮೇಲೆ ನೇತಾಡುತ್ತಿದ್ದವು.

ವೀಕ್ಷಕಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದು ಕೊಡಲ್ಲ."

"ಗಾಡಿನೇ ಇಲ್ಲದ ಮೇಲೆ ಹೆಲ್ಮೆಟ್ ಯಾತಕ್ಕೆ ಅತ್ತಿಗೆ?"

"ಸ್ಟೂಲಿಗೆ," ಎಂದಳು.